ಬಿ ಬದಿಯ ಹುಲಿ

ಪ್ರಮಿಳಾ ಹೊಂಬಳ ಅವರು ಆ ಕ್ಯಾಸೆಟ್ಟನ್ನು ಗದಗಿನಿಂದ ಹುಬ್ಬಳ್ಳಿಗೆ ಸ್ಟೀಲಿನ ಊಟದ ಡಬ್ಬಿಯಲ್ಲಿಟ್ಟುಕೊಂಡು ಬಂದಿದ್ದರು. ಡಬ್ಬಿಯೊಳಗೆ ಹಳೆಯ ಸೀರೆಯ ತುಂಡು, ಅದರೊಳಗೆ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಕ್ಯಾಸೆಟ್ಟು. ಎಪ್ಪತ್ತನಾಲ್ಕು ವರ್ಷದ, ಚಿತ್ರಕಲೆಯ ಶಿಕ್ಷಕಿಯಾಗಿ ನಿವೃತ್ತರಾದ ಹೆಂಗಸು. ಅವರು ಒಂದೊಂದೇ ಗಂಟು ಬಿಚ್ಚುವಾಗ ನೀಲಕಂಠ ಸವಣೂರ ಮೇಜಿನ ಅಂಚು ಹಿಡಿದುಕೊಂಡು ನಿಂತಿದ್ದ. ಕ್ಯಾಸೆಟ್ಟಿನ ಮೇಲೆ ನೀಲಿ ಶಾಯಿಯಲ್ಲಿ ‘ಹುಲಿಮನಿ, ವ. ಹೊಂಬಳ, ೧೯೮೭’ ಎಂದು ಬರೆದಿತ್ತು.

ಆ ಹೆಸರನ್ನು ನೀಲಕಂಠ ಹದಿನೆಂಟು ವರ್ಷದಿಂದ ಹುಡುಕುತ್ತಿದ್ದ.

ಹಳೆಯ ಕಂಪ್ಯೂಟರ್ ಆಟಗಳನ್ನು ಕೂಡಿಹಾಕುವುದೇ ಅವನ ಬದುಕಾಗಿತ್ತು. ಮೊದಲು ಟಿವಿ ರಿಪೇರಿ ಮಾಡಿಕೊಂಡಿದ್ದವನು, ಜನ ಎಸೆಯಲು ಕೊಟ್ಟ ಫ್ಲಾಪಿ, ಕ್ಯಾಸೆಟ್ಟು, ಆಟದ ಪೆಟ್ಟಿಗೆಗಳನ್ನು ಎಸೆಯಲಾರದೆ ಮನೆಗೆ ತರುತ್ತ ತರುತ್ತ, ಕೊನೆಗೆ ಮುಚ್ಚಿಹೋದ ಹತ್ತಿ ಜಿನ್ನಿಂಗ್ ಮಿಲ್ಲಿನ ಮಹಡಿಯೊಂದನ್ನು ಹಿಡಿದು ‘ಆಟಸಾಲೆ’ ಎಂದು ಹಲಗೆ ಹಾಕಿದ. ಗುಜರಿ ಅಂಗಡಿಯವರಿಗೆಲ್ಲ ಅವನ ನಂಬರು ಬಾಯಿಪಾಠ. ಒಮ್ಮೆ ೧೯೮೮ರ ಒಂದು ವಾರಪತ್ರಿಕೆಯ ಮೂಲೆಯಲ್ಲಿ, ಬೆರಳಗಲದ ಜಾಹೀರಾತು ಅವನ ಕಣ್ಣಿಗೆ ಬಿದ್ದಿತ್ತು: ಟಿವಿಗೆ ಸಿಕ್ಕಿಸುವ ಪುಟ್ಟ ಕಂಪ್ಯೂಟರಿನಲ್ಲಿ ಆಡುವ ಹುಲಿ-ಕುರಿ ಆಟ, ಗದಗಿನ ಒಬ್ಬ ವಿಜ್ಞಾನ ಮಾಸ್ತರರು ಬರೆದದ್ದು, ಅಂಚೆಯಲ್ಲಿ ಕಳಿಸಲಾಗುವುದು. ನೀಲಕಂಠ ಆ ವಿಳಾಸಕ್ಕೆ ಹೋಗಿ ನೋಡಿದ್ದ. ಮನೆ ಕೆಡವಿ ಅಲ್ಲೊಂದು ಕಲ್ಯಾಣಮಂಟಪ ಎದ್ದಿತ್ತು.

ಈಗ ಆ ಮಾಸ್ತರರ ಹೆಂಡತಿಯೇ ಡಬ್ಬಿ ಹಿಡಿದು ಬಂದಿದ್ದರು.

“ಹನ್ನೆರಡು ಪ್ರತಿ ಕಳಿಸಿದ್ರು. ಯಾವುದೂ ಉಳದಿಲ್ಲ ಅನಸ್ತದ. ಇದು ಮನ್ಯಾಗಿಂದು,” ಎಂದರು ಪ್ರಮಿಳಾ. “ನನಗ ಆಟ ಬ್ಯಾಡ್ರಿ. ಆಟ ನೀವು ಇಟ್ಟಕೋರಿ. ಆ ಇನ್ನೊಂದು ಬದಿಯೊಳಗ ನಾವಿಬ್ಬರೂ ಆಡಿದ್ದು ಅದ. ನಾನೂರು ಆಟರೆ ಅದಾವ. ಆಟ ಮುಗದ ಕೂಡಲೆ ಅವರು ತುಂಬಿ ಇಡತಿದ್ರು. ಪೇಪರಿನಾಗ ಓದಿದೆ, ನಿಮ್ಮಲ್ಲೆ ಕೈಗುರುತು ತಗೀತಾರಂತಲ್ಲ?”

ಕೈಗುರುತು ತೆಗೆಯುವವಳು ಡಾಕ್ಟರ್ ಫರೀದಾ ಕಿತ್ತೂರ. ವಿಶ್ವವಿದ್ಯಾಲಯ ಅವಳಿಗೆ ಆಟಸಾಲೆಯಲ್ಲೇ ಒಂದು ಕೋಣೆ ಕೊಡಿಸಿತ್ತು, ಏಕೆಂದರೆ ಅವಳ ಕೆಲಸಕ್ಕೆ ಬೇಕಾದ ಹಳೆಯ ಆಟಗಳೆಲ್ಲ ಇದ್ದದ್ದು ಅಲ್ಲಿಯೇ. ಮನುಷ್ಯನ ಅಕ್ಷರಕ್ಕೆ ಒಂದು ವರಸೆ ಇರುವಂತೆ ಅವನು ಆಡುವ ಆಟಕ್ಕೂ ಇರುತ್ತದೆ ಎಂಬುದು ಅವಳ ಶೋಧ. ಎಲ್ಲಿ ತಡೆಯುತ್ತಾನೆ, ಎಲ್ಲಿ ನುಗ್ಗುತ್ತಾನೆ, ಸೋಲು ಎದುರಿಗಿರುವಾಗ ಗುಂಡಿ ಒತ್ತಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ, ಇವೆಲ್ಲ ಹಳೆಯ ಆಟಗಳ ದಾಖಲೆಯಲ್ಲಿ ಹಾಗೆಯೇ ಕೂತಿರುತ್ತವೆ. ಅಂಥ ಅರವತ್ತು ಆಟ ಸಿಕ್ಕರೆ ಸಾಕು, ಫರೀದಾಳ ಯಂತ್ರ ಆ ಕೈಯನ್ನು ಮತ್ತೆ ಕಟ್ಟಿಕೊಡುತ್ತಿತ್ತು. ಅದು ಮಾತಾಡುವುದಿಲ್ಲ, ಮುಖ ತೋರಿಸುವುದಿಲ್ಲ. ಸತ್ತವನು ಹೇಗೆ ಆಡುತ್ತಿದ್ದನೋ ಹಾಗೆ ಆಡುತ್ತದೆ, ಅಷ್ಟೆ.

ಅಷ್ಟಕ್ಕೇ ಜನ ಸಾಲುಗಟ್ಟಿದ್ದರು. ತಿಥಿಯ ಊಟ ಮುಗಿಸಿ ಮನೆಮಂದಿಯೆಲ್ಲ ಟೆಂಪೋ ಮಾಡಿಕೊಂಡು ಬಂದು ಅಜ್ಜನ ಕೈಯೊಂದಿಗೆ ಕಾರಿನ ರೇಸು ಆಡಿಹೋಗುತ್ತಿದ್ದರು. ನವಲಗುಂದದ ಇಬ್ಬರು ಅಕ್ಕತಂಗಿಯರು ತಿಂಗಳಿಗೊಮ್ಮೆ ಅಣ್ಣನ ಹತ್ತಿರ ಸೋಲಲೆಂದೇ ಬರುತ್ತಿದ್ದರು. ಒಬ್ಬ ದರ್ಜಿ ಮಾತ್ರ ಕೋಣೆಯಿಂದ ಕೆಂಪು ಮುಖ ಮಾಡಿಕೊಂಡು ಹೊರಬಂದು, “ನಮ್ಮಪ್ಪ ಇಷ್ಟು ಮೋಸ ಮಾಡತಿದ್ದ ಅಂತ ಇವತ್ತ ಗೊತ್ತಾತು ನೋಡ್ರಿ,” ಎಂದು ಹೇಳಿ ಚಪ್ಪಲಿ ಮೆಟ್ಟಿ ಹೋದವನು ತಿರುಗಿ ಬರಲಿಲ್ಲ.

ಫರೀದಾ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿದಳು. ಸುರುಳಿಯ ಮೇಲೆ ಬಿಳಿಯ ಬೂಷ್ಟು.

“ಇದನ್ನ ಒಣ ಕಪಾಟಿನ್ಯಾಗ ಮೂರು ವಾರ ಇಡಬೇಕ್ರಿ. ಆಮ್ಯಾಲೆ ಕೈಲೆ ಒರಸಿ, ಟೇಪು ಮುಟ್ಟಲಾರದ ಓದೂ ಮಶೀನಿಗೆ ಹಾಕೋಣು. ಸವಣೂರ ಸರ್, ನಾ ಪುಣೆಕ್ಕ ಹೋಗಿ ಎಂಟು ದಿನಕ್ಕ ಬರತೀನಿ. ಅಲ್ಲೀತನ ಯಾರೂ ಮುಟ್ಟಬಾರದು.”

“ಯಾರ್ ಮುಟ್ಟತಾರ?” ಎಂದ ನೀಲಕಂಠ.

ಮೂರನೆಯ ದಿನ, ಬೆಳಗಿನ ಹನ್ನೊಂದು ಗಂಟೆಗೆ, ಅವನೇ ಮುಟ್ಟಿದ.

ಮೊದಲ ಬದಿಯ ಮೊದಲ ಆರು ನಿಮಿಷ ಮಾತ್ರ, ಆಟ ಇರುವುದು ಅಷ್ಟರಲ್ಲೇ, ಎಂದು ತನಗೆ ತಾನೇ ಹೇಳಿಕೊಂಡ. ಅಷ್ಟು ಟೇಪನ್ನು ಮೆತ್ತನೆಯ ಬಟ್ಟೆಯಿಂದ ಎರಡು ತಾಸು ಕೂತು ಒರೆಸಿದ. ಸಾದಾ ಪ್ಲೇಯರಿಗೆ ಹಾಕಿದ. ಕಿರ್ರೋ ಎಂಬ ಆ ಹಳೆಯ ಕಿರುಚಾಟ ಶುರುವಾಯಿತು. ಟಿವಿಯ ಅಂಚಿನಲ್ಲಿ ಪಟ್ಟೆಗಳು ಓಡಿದವು. ಆರನೆಯ ನಿಮಿಷಕ್ಕೆ ಕಪ್ಪು ಪರದೆಯ ಮೇಲೆ ಚೌಕ ಚೌಕವಾಗಿ ಒಂದು ಹುಲಿ ಮೂಡಿ ಕಣ್ಣು ಮಿಟುಕಿಸಿತು. ಕೆಳಗೆ ಹದಿನೈದು ಕುರಿ. ಆ ಆಟವನ್ನು ಅವನು ಕೂಡಲೇ ಬೇರೆ ಕಡೆ ತುಂಬಿಟ್ಟುಕೊಂಡ. ಖಾಲಿ ಮಹಡಿಯಲ್ಲಿ ಒಬ್ಬನೇ ಗಟ್ಟಿಯಾಗಿ ನಕ್ಕ.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಬಹುದಿತ್ತು ಎಂಬುದನ್ನು ಅವನು ಮುಂದೆ ಎಷ್ಟು ಸಲ ನೆನೆಸಿಕೊಂಡನೋ ಲೆಕ್ಕವಿಲ್ಲ. ಬಿ ಬದಿಯ ಶುರುವಿನಲ್ಲಿ ಆಟದ ಇನ್ನೊಂದು, ಇನ್ನೂ ಮೊದಲಿನ ರೂಪ ಇದ್ದರೆ? ಎಲ್ಲೂ ಯಾರ ಹತ್ತಿರವೂ ಇಲ್ಲದ್ದು? ಆ ಆಸೆ ಅವನ ಬಾಯಲ್ಲಿ ನೀರಿನಂತೆ ಬಂತು. ಕ್ಯಾಸೆಟ್ಟು ತಿರುವಿ, ಆ ಬದಿಯ ಶುರುವಿಗೆ ಸುತ್ತಿ ಹಾಕಿದ.

ನಲವತ್ತು ಸೆಕೆಂಡು ಸರಿಯಾಗಿತ್ತು. ಆಮೇಲೆ ದನಿ ಇಳಿಯತೊಡಗಿತು, ದಣಿದ ಪ್ರಾಣಿಯ ಹಾಗೆ. ಅವನು ಗುಂಡಿ ಒತ್ತುವುದರೊಳಗೆ ಬೂಷ್ಟಿಗೆ ಅಂಟಿದ ಟೇಪು ಉರುಳೆಗಳ ನಡುವೆ ಸಿಕ್ಕು, ಸೀರೆಯ ನೆರಿಗೆಯಂತೆ ಮಡಿಚಿ ಮಡಿಚಿ ಹೊರಬಂತು. ಬಿಡಿಸಲು ಹೋದಲ್ಲೆಲ್ಲ ಕಂದು ಬಣ್ಣದ ಲೇಪ ಕಳಚಿ ಬೆರಳಿಗೆ ಹತ್ತಿತು. ಸುರುಳಿಯ ಒಳಗಿನದೂ ಹಾಗೆಯೇ. ಬಿಡಿಸಿದಷ್ಟೂ ಪಾರದರ್ಶಕ ಪಟ್ಟಿ, ಅದರಿಂದ ಉದುರುವ ಪುಡಿ.

ಅವನು ಎದ್ದುಹೋಗಿ ನಲ್ಲಿಯ ಕೆಳಗೆ ಕೈ ಹಿಡಿದು ಸಾಬೂನು ಹಚ್ಚಿ ತೊಳೆದ. ಕಂದು ನೀರು ಹರಿದುಹೋದ ಮೇಲೆ, ತಾನು ಈಗ ತೊಳೆದುಹಾಕಿದ್ದು ಏನು ಎಂಬುದು ಹೊಳೆಯಿತು. ಒದ್ದೆ ಕೈಯಲ್ಲೇ ಅಲ್ಲಿ ನಿಂತುಬಿಟ್ಟ.

ಅವನಿಗೆ ಬೇಕಾದದ್ದು ಅವನಿಗೆ ಸಿಕ್ಕಿತ್ತು. ಆ ಹೆಂಗಸಿಗೆ ಬೇಕಾದದ್ದು ಹೋಗಿತ್ತು.

ಅಂದೇ ಫೋನ್ ಮಾಡಿ ಹೇಳಬೇಕು ಎಂದು ಎರಡು ಸಲ ನಂಬರು ತೆಗೆದ. ಮೂರನೆಯ ಸಲ ಫೋನ್ ಮಾಡಿದವನು ಕೇಳಿದ್ದು ಬೇರೆಯೇ. “ಅಮ್ಮಾರ, ನಿಮ್ಮ ಮನಿಯವರು ಹುಲಿ ಹಿಡೀತಿದ್ರೋ, ಕುರಿನೋ?”

“ಯಾವಾಗಲೂ ಹುಲೀನ ರಿ,” ಅತ್ತ ಪ್ರಮಿಳಾ ನಕ್ಕರು. “ಭಾಳ ಕೆಟ್ಟ ಹುಲಿ. ಚಟ್ಟ್ ಚಟ್ಟ್ ಅಂತ ಆಡತಿದ್ರು.”

ಚಟ್ಟ್ ಚಟ್ಟ್ ಎಂಬುದನ್ನು ಅವನು ಒಂದು ಕಾಗದದ ಮೇಲೆ ಬರೆದುಕೊಂಡ. ಹಾಗೆ ಬರೆದುಕೊಳ್ಳುವಾಗಲೇ ತಾನು ಏನು ಮಾಡಹೊರಟಿದ್ದೇನೆಂಬುದು ಅವನಿಗೆ ಗೊತ್ತಿತ್ತು.

ಅವನ ಹೆಂಡತಿ ಗಿರಿಜಾ ಹಿಂದಿನ ವರ್ಷವಷ್ಟೇ ಬ್ಯಾಂಕಿನ ಕೆಲಸದಿಂದ ನಿವೃತ್ತಳಾಗಿದ್ದಳು. ಮೂವತ್ತು ವರ್ಷದ ಸಂಸಾರದಲ್ಲಿ ಗಂಡನ ಆಟದ ಡಬ್ಬಿಗಳ ಧೂಳು ಒರೆಸಿದ್ದಳೇ ಹೊರತು ಒಂದು ಆಟವನ್ನೂ ಆಡಿರಲಿಲ್ಲ. ಆಡು ಬಾ ಎಂದು ಅವನು ಕರೆದಿರಲೂ ಇಲ್ಲ. ಆ ದಿನ ಮಧ್ಯಾಹ್ನ ಅವನು ಹಳೆಯ ಪುಟ್ಟ ಕಂಪ್ಯೂಟರನ್ನು ಮನೆಯ ಟಿವಿಗೆ ಸಿಕ್ಕಿಸಿ, “ಬಾ, ಒಂದು ಆಟ ಆಡೂಣು,” ಎಂದಾಗ ಅವಳು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ನಂಬದವಳಂತೆ ನೋಡಿದಳು.

“ನನ್ನ ಜೋಡಿ?”

“ನಿನ್ನ ಜೋಡಿನಽ. ನೀ ಕುರಿ, ನಾ ಹುಲಿ.”

ಹದಿನೈದು ದಿನ, ದಿನಕ್ಕೆ ಆರು ಆಟ. ಮೊದಲ ದಿನ ನೀಲಕಂಠ ಚಟ್ಟ್ ಚಟ್ಟ್ ಎಂದು ಆಡಲು ನೋಡಿದ. ಮರುದಿನಕ್ಕೆ ಮರೆತ. ಗಿರಿಜಾ ಬೇಗ ಕಲಿತಳು; ಹುಲಿಯನ್ನು ಮೂಲೆಗೊತ್ತಿ ಅಲುಗದಂತೆ ಮಾಡಿದಾಗ, “ಸಿಕ್ಕೊಂಡ್ರಿ! ಸಿಕ್ಕೊಂಡ್ರಿ!” ಎಂದು ಚಪ್ಪಾಳೆ ತಟ್ಟಿದಳು. ನಾಲ್ಕು ಗಂಟೆಗೆ ತಾನೇ ಚಹಾ ತಂದಿಟ್ಟು ಟಿವಿ ಹಚ್ಚಿ ಕಾಯತೊಡಗಿದಳು. ಒಂದು ದಿನ ಪಕ್ಕದ ಕೋಣೆಯಲ್ಲಿ ಅವಳು ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದುದು ಅವನಿಗೆ ಕೇಳಿಸಿತು: “ಏನಂತ ಹೇಳ್ಲಿ ನಿನಗ, ನಮ್ಮನಿಯವ್ರು ಈಗ ದಿನಾ ನನ್ನ ಜೋಡಿ ಆಡಾಕತ್ತಾರ. ಏನಾಗೇತೋ ಅವರಿಗೆ!”

ಆಗ ಅವನು ಆ ದಿನದ ಆರು ಆಟಗಳಿಗೆ ೧೯೮೭ರ ತಾರೀಖು ಹಾಕುತ್ತಿದ್ದ. ಕಿವಿ ಸುಟ್ಟ ಹಾಗಾಯಿತು. ಕೈ ಮಾತ್ರ ನಿಲ್ಲಲಿಲ್ಲ.

ಫರೀದಾ ಪುಣೆಯಿಂದ ಬಂದಾಗ, ಬೂಷ್ಟು ಕಡಿಮೆ ಇತ್ತು, ತಾನೇ ಒರೆಸಿ ಓದಿಸಿಬಿಟ್ಟೆ, ಗುರುತುಗಳನ್ನು ಬಿಡಿಸಿಕೊಡಲು ಇನ್ನೂ ಹತ್ತು ದಿನ ಬೇಕು ಎಂದ. ಅವಳು ಮುಖ ಗಂಟಿಕ್ಕಿ, “ನನ್ನ ಕೇಳಲಾರದ?” ಎಂದಳು. ಹತ್ತು ದಿನದ ಮೇಲೆ ತೊಂಬತ್ತು ಆಟಗಳನ್ನು ಅವಳ ಮುಂದಿಟ್ಟು, ಉಳಿದದ್ದೆಲ್ಲ ಮೊದಲೇ ಕೆಟ್ಟುಹೋಗಿತ್ತು ಎಂದ. ಹಳೆಯ ಆಟಗಳ ನಡುವೆಯೇ ಬದುಕಿದ ಮನುಷ್ಯನ ಮಾತನ್ನು ಅವಳು ಅನುಮಾನಿಸಲಿಲ್ಲ. ತೊಂಬತ್ತು ಎಂದರೆ ಹಬ್ಬ ಎಂದಳು.

ಮುಂದಿನ ಗುರುವಾರ ಮಧ್ಯಾಹ್ನ ಪ್ರಮಿಳಾ ಬಂದರು. ಜರಿಯಂಚಿನ ಸೀರೆ ಉಟ್ಟಿದ್ದರು. ಕುರ್ಚಿಯಲ್ಲಿ ಕೂತು, ಗುಂಡಿಗಳ ಮೇಲೆ ಬೆರಳಿಟ್ಟು, ಪರದೆಯ ಮೇಲೆ ಹುಲಿ ಮೊದಲ ಹೆಜ್ಜೆ ಇಟ್ಟಾಗ ಅವರು ಪರದೆಯತ್ತ ಬಾಗಿದರು. “ಬಂದ್ರ್ಯಾ?” ಎಂದರು, ಹುಲಿಗೆ.

ನೀಲಕಂಠ ಬಾಗಿಲ ಹೊರಗೆ ಹೋಗಿ ನಿಂತ.

ಅವರು ಪ್ರತಿ ಗುರುವಾರ ಬರತೊಡಗಿದರು. ಬೆಳಗಿನ ರೈಲಿಗೆ ಬಂದು, ನಾಲ್ಕು ಆಟ ಆಡಿ, ಸಂಜೆಯ ರೈಲಿಗೆ ಹೋಗುತ್ತಿದ್ದರು. ಬರುವಾಗ ಒಂದು ಡಬ್ಬಿಯಲ್ಲಿ ಕರದಂಟೋ ಅವಲಕ್ಕಿಯೋ ತಂದು, “ಸವಣೂರವರಿಗೆ,” ಎಂದು ಕೊಡುತ್ತಿದ್ದರು. ಅದನ್ನು ಅವನು ತಿನ್ನಲಾರದೆ ಮಿಲ್ಲಿನ ಕಾವಲುಗಾರನಿಗೆ ಕೊಟ್ಟುಬಿಡುತ್ತಿದ್ದ. ಇಷ್ಟೇ ಆಗಿದ್ದರೆ, ಒಬ್ಬ ಮುದುಕಿಗೆ ಸಂತೋಷವಾಯಿತಲ್ಲ ಎಂದು ಹೇಗೋ ಮನಸ್ಸಿಗೆ ಹೇಳಿಕೊಳ್ಳುತ್ತಿದ್ದನೇನೋ.

ಮೂರನೆಯ ತಿಂಗಳು ಒಂದು ಗುರುವಾರ, ಆಟ ಮುಗಿದ ಮೇಲೂ ಪ್ರಮಿಳಾ ಏಳಲಿಲ್ಲ.

“ಸವಣೂರವರ, ಕೂಡ್ರಿ ಸ್ವಲ್ಪ. ಒಂದು ಮಾತು ಹೇಳ್ತೇನಿ. ನಮ್ಮವರು ಭಾಳ ಕಟುವಾದ ಮನುಷ್ಯ ಅಂತ ನಾನು ತಿಳಕೊಂಡಿದ್ದೆ. ಆಟದಾಗೂ ಹಂಗಽ, ಮನ್ಯಾಗೂ ಹಂಗಽ. ಒಂದು ತಪ್ಪು ಬಿಡತಿರಲಿಲ್ಲ. ಸಾರಿಗೆ ಉಪ್ಪು ಜಾಸ್ತಿ ಆದ್ರ ಎಂಟು ದಿನ ಮಾತಿಲ್ಲ. ಮಗಳು ಸುಜಾತಾಗೂ ಹಂಗಽ ಹೇಳಿಕೊಂಡು ಬಂದೆ, ನಿಮ್ಮಪ್ಪ ನನಗ ಒಂದು ದಿನ ಕನಿಕರ ತೋರಿಸಲಿಲ್ಲ ಅಂತ. ಆದ್ರ ಈಗ ನೋಡ್ರಿ. ನನ್ನ ಕುರಿ ಒಂದು ದಾರಿ ತಪ್ಪಿ ಒಂಟಿ ಆಗ್ತದ. ತಿನ್ನಬಹುದು. ತಿನ್ನೂದಿಲ್ಲ. ತಡೀತಾರ, ತಡದು ಆ ಕಡೆ ಹೋಗ್ತಾರ. ಪ್ರತಿ ಆಟದಾಗೂ. ಐದು ವರ್ಷ ಆಡಿ, ನಾ ಅದನ್ನ ನೋಡಽ ಇಲ್ಲ! ನನ್ನ ಸಿಟ್ಟಿನಾಗ ನನಗ ಕಾಣಲಽ ಇಲ್ಲ.”

ನೀಲಕಂಠ ಪರದೆಯ ಮೇಲೆ ನಿಂತಿದ್ದ ಹುಲಿಯತ್ತ ನೋಡಿದ.

“ನಿನ್ನೆ ಸುಜಾತಾಗ ಫೋನ್ ಮಾಡಿ ಹೇಳಿದೆ. ನಾಶಿಕದಾಗ ಇರ್ತಾಳ. ‘ನಾನಽ ತಪ್ಪು ತಿಳದಿದ್ದೆ, ನಿಮ್ಮಪ್ಪ ಹಂಗಿರಲಿಲ್ಲ’ ಅಂದೆ. ಭಾಳ ಅತ್ತಳು. ಅಪ್ಪನ ಕಡೀ ದಿನಕ್ಕೂ ಬಂದಿರಲಿಲ್ಲ ಆಕಿ, ನನ್ನ ಮಾತು ಕೇಳಿ.”

ಅವನು ಬಾಯಿ ತೆರೆದ. ಅಷ್ಟರಲ್ಲಿ ಫರೀದಾ ಒಳಗೆ ಬಂದು, ತನ್ನ ವರದಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಉದಾಹರಣೆ ಹೊಂಬಳ ಮಾಸ್ತರರದ್ದೇ, ಬರುವ ತಿಂಗಳು ಅದು ಅಚ್ಚಿಗೆ ಹೋಗುತ್ತದೆ, ಅಮ್ಮಾರು ಒಂದು ಸಹಿ ಹಾಕಿಕೊಡಬೇಕು ಎಂದಳು. ಪ್ರಮಿಳಾ ಕನ್ನಡಕ ಹಾಕಿಕೊಂಡು ಸಹಿ ಮಾಡಿದರು. ನೀಲಕಂಠ ಬಾಯಿ ಮುಚ್ಚಿಕೊಂಡ.

ಆಡುವಾಗ ತಾನು ಗಿರಿಜಾಳ ಕುರಿ ತಿನ್ನದೆ ಬಿಟ್ಟುಬಿಡುತ್ತಿದ್ದೆನೆಂಬುದು ಅವನಿಗೇ ಗೊತ್ತಿರಲಿಲ್ಲ. ಅಂದು ಮನೆಗೆ ಹೋದವನು ಸುಮ್ಮನೆ ಗಿರಿಜಾಳನ್ನು ನೋಡುತ್ತ ಕೂತ. “ಏನ್ರೀ?” ಎಂದಳು. “ಏನಿಲ್ಲ,” ಎಂದ.

ಗಿರಿಜಾ ಆಟಸಾಲೆಗೆ ಬರುತ್ತಿದ್ದುದು ವರ್ಷಕ್ಕೆ ಒಂದೋ ಎರಡೋ ಸಲ. ಎರಡು ವಾರದ ಮೇಲೆ, ಒಂದು ಗುರುವಾರ, ಅವನು ಮರೆತು ಬಂದಿದ್ದ ಕನ್ನಡಕ ಕೊಡಲು ಬಂದಳು. ಪ್ರಮಿಳಾ ಆಡುತ್ತಿದ್ದರು, ಫರೀದಾ ಪಕ್ಕದಲ್ಲಿ ಕೂತು ಏನೋ ಗುರುತು ಹಾಕಿಕೊಳ್ಳುತ್ತಿದ್ದಳು. ತನಗೆ ಗೊತ್ತಿರುವ ಆಟ ಎಂದು ಗಿರಿಜಾ ಖುಷಿಯಿಂದ ಅವರ ಕುರ್ಚಿಯ ಹಿಂದೆ ಹೋಗಿ ನಿಂತಳು. ಒಂದು ನಿಮಿಷ ನೋಡಿದಳು. ಕುರಿಯೊಂದು ಒಂಟಿಯಾಗಿ ಅಂಚಿಗೆ ಬಂತು. ಹುಲಿ ಹತ್ತಿರ ಹೋಗಿ, ತಡೆದು, ಹಿಂದಕ್ಕೆ ಸರಿಯಿತು.

“ಅಯ್ಯ, ಇದು ನಮ್ಮನಿಯವ್ರು ಆಡಿದಂಗ ಐತಲ್ರೀ!” ಎಂದು ಗಿರಿಜಾ ನಕ್ಕಳು. “ಥೇಟ್ ಹಿಂಗಽ. ಈಗ ನೋಡ್ರಿ, ಎರಡು ಮನಿ ಹಿಂದ ಹೋಗಿ ಆ ಮೂಲಿಗೆ ಬರತೈತಿ.”

ಹುಲಿ ಎರಡು ಮನೆ ಹಿಂದೆ ಹೋಗಿ ಆ ಮೂಲೆಗೆ ಬಂತು.

ಗಿರಿಜಾಳ ನಗು ನಿಧಾನವಾಗಿ ನಿಂತಿತು. ಅವಳು ತಿರುಗಿ ಗಂಡನ ಮುಖ ನೋಡಿದಳು. ಪ್ರಮಿಳಾ ಆಟದಲ್ಲೇ ಮುಳುಗಿದ್ದರು. ಅವರಿಗೆ ಅದು ಬರೀ ಮಾತಾಗಿತ್ತು. ಫರೀದಾಳ ಪೆನ್ನು ಮಾತ್ರ ಹಾಳೆಯ ಮೇಲೆ ನಿಂತುಹೋಯಿತು. ಗಿರಿಜಾ ಕನ್ನಡಕವನ್ನು ಮೇಜಿನ ಮೇಲಿಟ್ಟು, ಮೆಟ್ಟಿಲಿಳಿದು ಹೋದಳು.

ಅವನು ಮನೆ ಸೇರಿದಾಗ ಅವಳು ಟಿವಿಯ ಹಿಂದಿನ ವೈರನ್ನು ಬಿಚ್ಚಿ ಸುತ್ತುತ್ತಿದ್ದಳು.

“ಆ ಹದಿನೈದು ದಿನ,” ಎಂದಳು, ಅವನತ್ತ ನೋಡದೆ. “ಅದಕ್ಕಽ ಏನ್ರಿ?”

“ಹೂಂ.”

“ನಾ ತಿಳಕೊಂಡೆ…” ವೈರಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ, ಕಂಪ್ಯೂಟರಿನ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಅವನ ಕೈಗೆ ಕೊಟ್ಟಳು. “ಆಕಿಗೂ ಹೇಳ್ರಿ. ನನಗ ತಿಳದಂಗ ಆಕಿಗೆ ತಿಳೀಬಾರದು.”

ಮೂವತ್ತು ವರ್ಷದಲ್ಲಿ ಅವನು ಅವಳಿಗೆ ಹೇಳಿದ ಸುಳ್ಳುಗಳು ಬೇಕಾದಷ್ಟಿದ್ದವು. ಅವಳು ಬಯ್ದಿದ್ದಳು, ಅತ್ತಿದ್ದಳು, ಮರೆತಿದ್ದಳು. ಈ ಸಲ ಬಯ್ಯಲಿಲ್ಲ. ಅವಳಿಗೆ ನಾಚಿಕೆಯಾಗಿತ್ತು, ತಾನು ಚಪ್ಪಾಳೆ ತಟ್ಟಿದ್ದಕ್ಕೆ. ಅದು ಅವನಿಗೆ ಕಾಣುತ್ತಿತ್ತು, ಮತ್ತು ಅದನ್ನು ನೋಡುವುದು ಅವನಿಂದಾಗಲಿಲ್ಲ.

ಮರುದಿನ ಬೆಳಿಗ್ಗೆ ಫರೀದಾ ಬಾಗಿಲು ಹಾಕಿಕೊಂಡು ಕೂತಿದ್ದಳು. ಅವನು ಹೋಗಿ ಎಲ್ಲವನ್ನೂ ಹೇಳಿದ, ಟೇಪು ಹಾಳಾದ ದಿನದಿಂದ. ಹಾಳಾದ ಟೇಪನ್ನು ಇಟ್ಟಿದ್ದ ಲಕೋಟೆಯನ್ನೂ ಮುಂದಿಟ್ಟ. ಅವಳು ಅದನ್ನು ತೆರೆದು, ಒಳಗಿನ ಪುಡಿ ನೋಡಿ, ಮತ್ತೆ ಮುಚ್ಚಿದಳು.

“ನಿನ್ನೆ ಸಂಜಿಗೇ ತಾರೀಖು ತಗದು ನೋಡಿದೆ. ಎಲ್ಲಾ ಈಗೀಗ ಕೈಯಿಂದ ಹಾಕಿದ್ದು. ಮೊದಲಽ ನೋಡಬೇಕಿತ್ತು, ನೋಡಲಿಲ್ಲ. ನೀವು ಅಂದ್ರ…” ಅವಳು ಲಕೋಟೆಯನ್ನು ಅವನತ್ತ ತಳ್ಳಿದಳು. “ಏನು ಚಂದ ಐತಿ ನೋಡ್ರಿ ಸರ್. ಗಿರಿಜಕ್ಕಾರು ಒಂದು ನಿಮಿಷದಾಗ ನಿಮ್ಮ ಕೈ ಗುರುತು ಹಿಡದ್ರು. ನನ್ನ ಮಶೀನು ಖರೇನ ಹೇಳ್ತೈತಿ ಅನ್ನಾಕ ಇದಕ್ಕಿಂತ ದೊಡ್ಡ ಸಾಕ್ಷಿ ಸಿಗಾಂಗಿಲ್ಲ. ಎಲ್ಲೂ ಬರಿಯಾಕೂ ಬರಾಂಗಿಲ್ಲ.”

“ನಾ ಬರಕೊಡ್ತೀನಿ, ತಪ್ಪು ನನ್ನದು ಅಂತ.”

“ಬರಕೊಡ್ರಿ. ಆದ್ರ ಮೊದಲು ಗದಗಿಗೆ ಹೋಗ್ರಿ. ನಾ ಬರಾಂಗಿಲ್ಲ. ನಿಮ್ಮ ಜೋಡಿ ಯಾರೂ ಬರಬಾರದು.”

ಗದಗಿನಲ್ಲಿ ಪ್ರಮಿಳಾ ಅವರ ಮನೆ ಒಂದು ಶಾಲೆಯ ಹಿಂದಿನ ಗಲ್ಲಿಯಲ್ಲಿತ್ತು, ಎರಡು ಕೋಣೆಯದು. ಗೋಡೆ ತುಂಬ ಅವರೇ ಬರೆದ ಚಿತ್ರಗಳು: ಬದನೆಕಾಯಿ, ಗಡಿಗೆ, ಎತ್ತಿನ ಮುಖ. ಅವನನ್ನು ಕಂಡು ಅವರಿಗೆ ಅಚ್ಚರಿಯೂ ಸಂತೋಷವೂ ಆಯಿತು. ಚುರಮರಿ ಒಗ್ಗರಣೆ ಮಾಡಿ ತಂದಿಟ್ಟರು. “ತಿನ್ರಿ, ಆಮ್ಯಾಲೆ ಮಾತು,” ಎಂದರು.

ಅವನು ತಟ್ಟೆ ಮುಟ್ಟದೆ ಹೇಳತೊಡಗಿದ. ಹೇಳಬೇಕಾದುದನ್ನು ರೈಲಿನಲ್ಲಿ ಜೋಡಿಸಿಕೊಂಡು ಬಂದಿದ್ದ. ಇಲ್ಲಿ ಒಂದೂ ನೆನಪಾಗಲಿಲ್ಲ. ಆಟ ಬೇಕಾಗಿತ್ತು ನನಗೆ, ತಡೆಯಲಾಗಲಿಲ್ಲ, ಹಾಳುಮಾಡಿದೆ, ಹೇಳಲು ಹೆದರಿದೆ, ನಾನೇ ಆಡಿದೆ. ಆ ಹುಲಿ ನಾನು.

ಹೊರಗೆ ಶಾಲೆಯ ಗಂಟೆ ಬಾರಿಸಿ, ಮಕ್ಕಳ ಗದ್ದಲ ಎದ್ದು, ಅಡಗಿತು.

“ಯಾರ ಜೋಡಿ ಆಡಿದ್ರಿ?”

“ಹೆಂಡತಿ ಜೋಡಿ ರಿ.”

“ಹಂಗಂದ್ರ ಬಿಟ್ಟಾಂವ ನೀವು.” ಅವರು ತಲೆ ಆಡಿಸಿದರು. “ಅವರಲ್ಲ. ಅವರು ಬಿಡತಿರಲಿಲ್ಲ. ನನಗ ಸರಿಯಾಗಿ ಗೊತ್ತಿತ್ತು. ನಾನೂರು ಆಟದಾಗ ಒಂದು ಕುರಿ ಬಿಟ್ಟವರಲ್ಲ.” ಅವರ ದೃಷ್ಟಿ ಅವನ ಪಕ್ಕದಲ್ಲಿದ್ದ ಡಬ್ಬಿಯ ಮೇಲೆ ಬಿತ್ತು. ಟೇಪಿನ ಜೊತೆಗೆ ಪುಟ್ಟ ಕಂಪ್ಯೂಟರನ್ನೂ ಅವನು ಅವರಿಗೇ ಕೊಟ್ಟುಬಿಡಲೆಂದು ತಂದಿದ್ದ. “ಅದನ್ನ ಹಚ್ಚರಿ.”

ಅವನು ಟಿವಿಗೆ ಸಿಕ್ಕಿಸಿದ.

“ನೀವು ಕುರಿ,” ಎಂದರು ಪ್ರಮಿಳಾ. “ನಾ ಹುಲಿ.”

ಐದು ವರ್ಷ ಎದುರಿಗೆ ಕೂತು ಸೋತ ಹೆಂಗಸು ಆ ಕೈಯನ್ನು ಮರೆತಿರಲಿಲ್ಲ. ಹುಲಿ ತಡೆಯಲಿಲ್ಲ, ಯೋಚಿಸಲಿಲ್ಲ. ಚಟ್ಟ್ ಎಂದು ಹಾರಿತು, ಚಟ್ಟ್ ಎಂದು ತಿಂದಿತು. ನೀಲಕಂಠ ಒಂದು ಕುರಿಯನ್ನು ಉಳಿಸಲು ಹೋದರೆ ಅದು ಅದನ್ನು ಬಿಟ್ಟು ಹಿಂದಿನ ಎರಡನ್ನು ಮುಗಿಸಿ, ಆಮೇಲೆ ತಿರುಗಿಬಂದು ಅದನ್ನೂ ತಿಂದಿತು. ಕೊನೆಯ ಕುರಿಯನ್ನು ಮಾತ್ರ ಕೂಡಲೇ ತಿನ್ನಲಿಲ್ಲ. ಮೂಲೆಯಿಂದ ಮೂಲೆಗೆ ಓಡಿಸಿ, ಆಡುವವನಿಗೆ ತನ್ನ ದಡ್ಡತನ ಪೂರ್ತಿ ಗೊತ್ತಾಗುವವರೆಗೆ ಓಡಿಸಿ, ಆಮೇಲೆ ತಿಂದಿತು. ನಾಲ್ಕು ನಿಮಿಷದಲ್ಲಿ ಪರದೆ ಖಾಲಿಯಾಯಿತು.

“ಹಿಂಗ ಆಡತಿದ್ರು,” ಎಂದರು. ಅವರ ಉಸಿರು ಏರಿತ್ತು. “ಹಿಂಗಽ ಇದ್ರು. ಕೆಟ್ಟವರೇನಲ್ಲ. ಆದ್ರ ಹಿಂಗಽ ಇದ್ರು. ನಲವತ್ತು ವರ್ಷ ನಾ ಕಂಡದ್ದು ನಾ ಕಂಡದ್ದಽ ಇತ್ತು. ಅದನ್ನ ತಗೊಂಡು ಬ್ಯಾರೆ ಒಂದು ಕೊಟ್ರಿ ನೀವು, ಭಾಳ ಚಂದದ್ದು.”

ನೀಲಕಂಠನಿಗೆ ಒಂದು ವಿಚಾರ ಬಂತು. ಅವಸರದಲ್ಲಿ ಆಡಿಯೂಬಿಟ್ಟ. “ಅಮ್ಮಾರ, ನೀವಽ ಅರವತ್ತು ಆಟ ಹುಲಿ ಆಗಿ ಆಡಿಕೊಟ್ರ, ಫರೀದಾ ಅವರು ಅದರಿಂದ ಮಾಸ್ತರ ಕೈಗುರುತು…”

“ಬ್ಯಾಡ.” ಅವರು ದನಿ ಏರಿಸಲಿಲ್ಲ. “ಇನ್ನೂ ತೀರಿಲ್ಲೇನ್ರಿ ನಿಮಗ, ಕೂಡಿಡೂದು?”

ಅವನು ತಲೆ ತಗ್ಗಿಸಿದ. ಈ ಮನೆಯಲ್ಲಿ ತಾನು ಇನ್ನೇನೂ ಕೇಳುವಂತಿಲ್ಲ ಎಂಬುದು ಆಗ, ಅಷ್ಟು ಹೊತ್ತಿನ ಮೇಲೆ, ಅವನಿಗೆ ತಿಳಿಯಿತು.

ಪ್ರಮಿಳಾ ಎದ್ದುಹೋಗಿ ಫೋನ್ ತಂದು, ಒಂದು ನಂಬರು ಒತ್ತಿ, ಗಂಟೆ ಹೊಡೆಯುತ್ತಿರುವಾಗಲೇ ಅದನ್ನು ಅವನತ್ತ ಚಾಚಿದರು.

“ಸುಜಾತಾಗ ನಾ ಯಾಕ ಹೇಳ್ಲಿ? ಒಂದು ಸಲ ಹೇಳೀನಿ, ನಿಮ್ಮಪ್ಪ ಕಟುಕ ಅಂತ. ಮತ್ತೊಂದು ಸಲ ಹೇಳೀನಿ, ಅಲ್ಲ ಅಂತ. ಮೂರನೇ ಸಲ ನನ್ನ ಬಾಯಿಲೆ ಬ್ಯಾಡ. ನೀವಽ ಹೇಳ್ರಿ.”

“ಅಮ್ಮಾ?” ಎಂದಿತು ಅತ್ತಲಿಂದ ನಡುವಯಸ್ಸಿನ ಹೆಂಗಸಿನ ದನಿ.

ನೀಲಕಂಠ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಮುಖ ನೋಡಿರದ ಹೆಂಗಸಿಗೆ ತನ್ನ ಹೆಸರು, ಊರು, ಉದ್ಯೋಗ ಹೇಳಿದ. ಆಮೇಲೆ ಉಳಿದದ್ದು. ಅದನ್ನು ಹೇಳುವಷ್ಟು ಹೊತ್ತೂ ಪ್ರಮಿಳಾ ಎದುರಿಗೇ ಕೂತು, ಮಕ್ಕಳು ಒಪ್ಪಿಸುವ ಪಾಠ ಕೇಳುವ ಶಿಕ್ಷಕಿಯಂತೆ, ಒಂದು ಮಾತೂ ಬಿಡದೆ ಕೇಳಿಸಿಕೊಂಡರು. ‘ಟೇಪು ಹಾಳಾಯಿತು’ ಎಂದು ಅವನೆಂದಾಗ ಕೈಯೆತ್ತಿ ತಡೆದರು. ಅವನು ತಿದ್ದಿಕೊಂಡ: “ನಾನು ಹಾಳುಮಾಡಿದೆ.”

ಕೊನೆಗೆ ಸುಜಾತಾ ಕೇಳಿದ್ದು ಒಂದೇ: “ಅಮ್ಮ ಹೆಂಗ ಇದ್ದಾಳ?”

ಅವನು ಫೋನನ್ನು ಪ್ರಮಿಳಾ ಅವರಿಗೆ ಕೊಟ್ಟ. ಅವರು ಅದನ್ನು ಕಿವಿಗಿಟ್ಟುಕೊಂಡು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದರು. ಅವನು ತಟ್ಟೆಯಲ್ಲಿ ಹಾಗೇ ಆರಿಹೋದ ಚುರಮರಿಯನ್ನು ನೋಡುತ್ತ ಅರ್ಧ ತಾಸು ಕೂತ. ತಿನ್ನುವುದೋ ಬಿಡುವುದೋ ತಿಳಿಯಲಿಲ್ಲ. ಬಾಗಿಲು ತೆರೆಯಿತು.

“ಆ ಟೇಪು ಇಲ್ಲೇ ಇಟ್ಟು ಹೋಗ್ರಿ, ಹೆಂಗದೋ ಹಂಗ,” ಎಂದರು. ಕಣ್ಣು ಕೆಂಪಾಗಿತ್ತು. “ಈ ಕಂಪ್ಯೂಟರ ನನಗ ಬ್ಯಾಡ. ಆಟ ಅವರದು. ಕಪಾಟಿನಾಗ ಬೀಗ ಹಾಕಿ ಇಡಬ್ಯಾಡ್ರಿ, ಯಾರು ಬೇಕಾದ್ರೂ ಆಡ್ಲಿ. ಅವರ ಹೆಸರು ಹಾಕ್ರಿ. ಏನಾತು ಅಂಬೂದೂ ಅಲ್ಲೇ ಬರೀರಿ. ಮತ್ತ ನೀವು ಇಲ್ಲಿಗೆ ಬರಬ್ಯಾಡ್ರಿ.”

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಅವನು ಕೇಳಲಿಲ್ಲ.

ಫರೀದಾ ತನ್ನ ವರದಿಯಿಂದ ಆ ಅಧ್ಯಾಯ ತೆಗೆದುಹಾಕಿದಳು. ಅದು ಒಂದು ವರ್ಷ ತಡವಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ತನ್ನ ಯಂತ್ರವನ್ನು ಧಾರವಾಡಕ್ಕೆ ಒಯ್ದಳು. ಹೋಗುವಾಗ ನಮಸ್ಕಾರ ಹೇಳಿದಳು, ಸರ್ ಎನ್ನಲಿಲ್ಲ. ಕೈಗುರುತಿಗೆ ಬರುತ್ತಿದ್ದ ಜನ ಅವಳ ಹಿಂದೆ ಹೋದರು. ಮನೆಯಲ್ಲಿ ಗಿರಿಜಾ ಮೊದಲಿನಂತೆಯೇ ಇದ್ದಳು, ನಾಲ್ಕು ಗಂಟೆಗೆ ಚಹಾ ಕೊಡುತ್ತಿದ್ದಳು. ತನ್ನ ಬಟ್ಟಲನ್ನು ಮಾತ್ರ ಅಡುಗೆಮನೆಯಲ್ಲೇ ಇಟ್ಟುಕೊಂಡು ಅಲ್ಲೇ ಕುಡಿಯುತ್ತಿದ್ದಳು.

ಆಟಸಾಲೆಯ ಮುಂಬಾಗಿಲಿನ ಹತ್ತಿರ ನೀಲಕಂಠ ಒಂದು ಮೇಜು ಹಾಕಿ, ಹುಲಿಮನಿಯನ್ನು ಯಾರು ಬೇಕಾದರೂ ಆಡುವಂತೆ ಇಟ್ಟ. ಮೇಲೆ ಹಲಗೆ. ಬರೆಯುವವನಿಗೆ ಕೊಡದೆ ತಾನೇ ಕೂತು, ನಾಲ್ಕು ಸಲ ಅಳಿಸಿಹಾಕಿ, ಐದನೆಯ ಸಲ ಬರೆದದ್ದು: ‘ಈ ಆಟವನ್ನು ೧೯೮೭ರಲ್ಲಿ ಗದಗಿನ ವಸಂತ ಹೊಂಬಳ ಅವರು ರಚಿಸಿದರು. ಅವರೂ ಅವರ ಪತ್ನಿಯೂ ಆಡಿದ ನಾನೂರು ಆಟಗಳ ದಾಖಲೆ ಇದೇ ಕ್ಯಾಸೆಟ್ಟಿನಲ್ಲಿತ್ತು. ಸಂಗ್ರಹಕಾರ ನೀಲಕಂಠ ಸವಣೂರ ದುರಾಸೆಯಿಂದ ಅದನ್ನು ಹಾಳುಮಾಡಿ, ತಾನು ಆಡಿದ ಆಟಗಳನ್ನು ಅವರದೆಂದು ಸುಳ್ಳು ಹೇಳಿ ಕೊಟ್ಟನು.’

ಬಂದವರಲ್ಲಿ ಹೆಚ್ಚಿನವರು ಹಲಗೆ ಓದದೆ ಆಡುತ್ತಿದ್ದರು. ಕೆಲವರು ಓದುತ್ತಿದ್ದರು. ದೀಪಾವಳಿಯ ಹಿಂದಿನ ವಾರ, ಬಾಗಲಕೋಟೆಯ ಕಡೆಯವರೆಂದು ಕಾಣುತ್ತಿದ್ದ ಒಬ್ಬ ಹಿರಿಯರು ಹೆಂಡತಿಯೊಂದಿಗೆ ಬಂದರು. ಹಲಗೆಯ ಮುಂದೆ ನಿಂತು, ಆಕೆಗೂ ಕೇಳಲಿ ಎಂದು ಒಂದೊಂದೇ ಅಕ್ಷರ ಬಿಡಿಸಿ, ಗಟ್ಟಿಯಾಗಿ ಕೊನೆಯವರೆಗೆ ಓದಿದರು. ಆಕೆ ನಾಲಗೆ ಲೊಚಗುಟ್ಟಿದರು.

“ಏನ್ ಮಂದಿ ಇರತಾರಪಾ,” ಎಂದು ಹಿರಿಯರು, ಮೂಲೆಯ ಕುರ್ಚಿಯಲ್ಲಿ ಕೂತು ಫ್ಲಾಪಿಗಳ ಧೂಳು ಒರೆಸುತ್ತಿದ್ದವನ ಕಡೆ ತಿರುಗಿದರು. “ಈ ನೀಲಕಂಠ ಸವಣೂರ ಅನ್ನಾಂವ ಇನ್ನೂ ಅದಾನೇನ್ರೀ?”

ನೀಲಕಂಠ ಬಟ್ಟೆ ಕೆಳಗಿಟ್ಟು ಎದ್ದು ನಿಂತ.

“ಅದಾನ್ರಿ. ನಾನಽ.”

ಆ ವಾರ ಹಾಗೆ ಹೇಳಿದ್ದು ಅದು ನಾಲ್ಕನೆಯ ಸಲ. ಇನ್ನೂ ರೂಢಿಯಾಗಿರಲಿಲ್ಲ.